ಸದ್ದುಗಳ್ಳಿಗೊಂದು ದುಃಖ

“ಈಯಮ್ಮನಿಗೆ ಬೆಳಿಗ್ಗೆ ಯಾರೂ ತಿಂಡಿ ಕೊಟ್ಟಿಲ್ಲ ಅನ್ಸುತ್ತೆ,” ಎಂದ ಅವನು, ಲಿಫ್ಟಿನ ಮೂಲೆಯಲ್ಲಿದ್ದ ಸ್ಪೀಕರ್ ಕಡೆ ಗಲ್ಲ ಎತ್ತಿ ತೋರಿಸಿ.

“ಬಾಗಿಲು ಮುಚ್ಚುತ್ತಿದೆ. ದಯವಿಟ್ಟು ದೂರ ನಿಲ್ಲಿ,” ಎಂದು ಸ್ಪೀಕರ್ ಆಗಷ್ಟೇ ಗದರಿತ್ತು.

ಲಿಫ್ಟಿನಲ್ಲಿದ್ದವರು ಇಬ್ಬರೇ. ಅವನು, ಮತ್ತು ನೀರಿನ ಬಾಟಲಿಯನ್ನು ಎದೆಗೊತ್ತಿಕೊಂಡು ನಿಂತಿದ್ದ ಒಬ್ಬ ಹುಡುಗಿ. ಅವಳು ನಗಲಿಲ್ಲ. ನಾಲ್ಕನೇ ಮಹಡಿ ಬಂದು ಬಾಗಿಲು ತೆರೆದಾಗ ಹೊರಗೆ ಕಾಲಿಟ್ಟು, ತಿರುಗಿ, ಆ ಸ್ಪೀಕರಿನದೇ ದನಿಯಲ್ಲಿ ಹೇಳಿದಳು:

“ನಾಲ್ಕನೇ ಮಹಡಿ. ತಿಂಡಿ ಆಗಿದೆ. ವಿಚಾರಿಸಿದ್ದಕ್ಕೆ ಧನ್ಯವಾದಗಳು.”

ಅವನ ಕಿವಿ ಸುಟ್ಟಿತು. ನಾಚಿಕೆಯಾದರೆ ಅವನಿಗೆ ಮುಖಕ್ಕಿಂತ ಮೊದಲು ಕಿವಿ ಕೆಂಪಾಗುತ್ತಿತ್ತು, ಚಿಕ್ಕಂದಿನಿಂದಲೂ. ಇನ್ನೂ ಕೆಟ್ಟದ್ದೆಂದರೆ ಅವಳು ನಡೆದದ್ದು ಅವನ ಆಫೀಸಿನ ಬಾಗಿಲಿಗೇ.

ವಿಡಿಯೋ ಗೇಮ್ ಮಾಡುವ ಸಣ್ಣ ಕಂಪನಿ ಅದು. ಒಟ್ಟು ಹನ್ನೊಂದು ಜನ. ಹಳೆಯ ಸಾಮಾನು ತುಂಬುತ್ತಿದ್ದ ಕೋಣೆಗೆ ಸ್ಪಂಜು ಅಂಟಿಸಿ, ಒಂದು ಗೋಡೆಗೆ ಗಾಜು ಹಾಕಿಸಿ ರೆಕಾರ್ಡಿಂಗ್ ರೂಮ್ ಮಾಡಿಕೊಂಡಿದ್ದರು. ಅವನು ಅಲ್ಲಿ ಕಥೆ ಬರೆಯುವವನು. ಅವಳು ಕಂಠದಾನ ಕಲಾವಿದೆ. ಲಿಫ್ಟುಗಳಿಗೆ, ಬ್ಯಾಂಕಿನ ಫೋನುಗಳಿಗೆ, ಕಾರ್ಟೂನಿನ ಅಳಿಲುಗಳಿಗೆ ದನಿ ಕೊಡುವವಳು. ಹೊಸ ಗೇಮಿನ ಖಳನಾಯಕಿಯ ಪಾತ್ರಕ್ಕೆ ದನಿ ಪರೀಕ್ಷೆ ಕೊಡಲು ಬಂದಿದ್ದಳು.

ಖಳನಾಯಕಿಯ ಹೆಸರು ಸದ್ದುಗಳ್ಳಿ. ಒಂದು ಊರಿನ ಸದ್ದುಗಳನ್ನೆಲ್ಲ ಒಂದೊಂದಾಗಿ ಕದ್ದು ಗಾಜಿನ ಭರಣಿಯಲ್ಲಿ ಮುಚ್ಚಿಡುವವಳು. ಸೈಕಲ್ ಗಂಟೆ, ಮಗುವಿನ ಅಳು, ಬಾಗಿಲಿನ ಕಿರ್‍ಗುಟ್ಟುವಿಕೆ. ಆಡುವವರು ಅವುಗಳನ್ನು ಬಿಡಿಸಿಕೊಂಡು ಬರಬೇಕು.

ಅವಳು ಮೈಕಿನ ಮುಂದೆ ನಿಂತು ಒಂದೇ ಒಂದು ಸಾಲು ಓದಿದಳು: “ಶ್... ಈಗ ಎಷ್ಟು ಚೆನ್ನಾಗಿದೆ, ಅಲ್ವಾ?” ಗಾಜಿನ ಈಚೆ ಕೂತಿದ್ದ ಬಾಸ್ ತಮ್ಮ ಮುಂಗೈ ಸವರಿಕೊಂಡು, “ನೋಡ್ರಪ್ಪಾ, ರೋಮ ನಿಂತಿದೆ,” ಎಂದರು. ಬಾಸ್ ಐವತ್ತು ದಾಟಿದ ಹೆಂಗಸು. ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ.

ಹೊರಗೆ ಬಂದ ಹುಡುಗಿ ಅವನ ಮೇಜಿನ ಹತ್ತಿರ ನಿಂತಳು. “ನಿಮ್ಮ ಕಿವಿ ಇನ್ನೂ ಆರಿಲ್ಲ.”

“ನೀವು ಅಂತ ಗೊತ್ತಿರ್ಲಿಲ್ಲ...”

“ಗೊತ್ತಿದ್ರೆ ಹಿಂದಿನಿಂದ ಬೈತಿದ್ರಿ, ಅಷ್ಟೇ ತಾನೆ?” ಎಂದು ಹುಬ್ಬೇರಿಸಿದಳು. ಒಂದು ಹುಬ್ಬು ಮಾತ್ರ ಏರಿತು. ಇನ್ನೊಂದು ಅಲ್ಲೇ ಗಂಭೀರವಾಗಿ ಕೂತಿತ್ತು. ಆ ಹುಬ್ಬನ್ನು ಅವನು ಅವತ್ತು ಮನೆಗೆ ಹೋಗುವವರೆಗೂ ಮರೆಯಲಿಲ್ಲ.

*

ಸದ್ದುಗಳ್ಳಿ ಯಾಕೆ ಕೆಟ್ಟವಳಾದಳು ಎಂಬುದು ಆ ಆಫೀಸಿನಲ್ಲಿ ದಿನಾ ಟೀ ಜೊತೆ ಬರುತ್ತಿದ್ದ ಜಗಳ.

“ಕಾರಣ ಇಲ್ದೆ ಯಾರೂ ಕೆಟ್ಟವರಾಗಲ್ಲ,” ಎನ್ನುವನು ಅವನು. “ಅವಳಿಗೂ ಒಂದು ನೋವು ಇರ್ಬೇಕು. ಆಗಲೇ ಅವಳು ಮನುಷ್ಯಳಾಗೋದು.”

“ನನಗೆ ಬೇಡ ಮಾರಾಯ,” ಎನ್ನುವಳು ಟೆಸ್ಟರ್ ಅಕ್ಕ. ಗೇಮುಗಳನ್ನು ಆಡಿ ತಪ್ಪು ಹುಡುಕುವುದೇ ಅವಳ ಕೆಲಸ. “ನಾನು ಮನೇಲಿ ಅತ್ತೆ ಹತ್ರ ಬಾಯ್ಮುಚ್ಕೊಂಡಿದ್ದು ಇಲ್ಲಿ ಬಂದು ನಿನ್ನ ಕಳ್ಳೀನ ಚಚ್ಚೋಳು. ಅವಳನ್ನ ಅಳಿಸಿಬಿಟ್ರೆ ಚಚ್ಚೋಕೆ ಕೈ ಬರುತ್ತಾ?”

ರೆಕಾರ್ಡಿಂಗಿಗೆ ಬಂದ ದಿನಗಳಲ್ಲಿ ಕಳ್ಳಿಗೆ ದನಿ ಕೊಡುವ ಹುಡುಗಿಯೂ ಸೇರಿಕೊಳ್ಳುತ್ತಿದ್ದಳು. “ನೋವು ತಿಂದೋರೆಲ್ಲ ಕೆಟ್ಟವರಾದ್ರೆ ಒಳ್ಳೆಯವರು ಅಂತ ಯಾರು ಉಳೀತಾರೆ ಹೇಳಿ?” ಎಂದು ಲೋಟದ ಅಂಚಿನ ಮೇಲಿಂದ ಅವನನ್ನೇ ನೋಡುವಳು. ಅವನಿಗೆ ವಾದ ಮರೆತುಹೋಗುತ್ತಿತ್ತು.

ಗೇಮ್ ತುಂಬ ಸದ್ದೇ ಇದ್ದುದರಿಂದ, ಕಿವಿ ಕೇಳದವರೂ ಆಡುವಂತೆ ಪ್ರತಿ ಸದ್ದನ್ನೂ ಪರದೆಯ ಕೆಳಗೆ ಅಕ್ಷರದಲ್ಲಿ ತೋರಿಸುತ್ತಿದ್ದರು. ಅದು ಸರಿಯಾಗಿದೆಯೇ ಎಂದು ನೋಡಲು ಅಂಥ ಆಟಗಾರರು ಬೇಕಿದ್ದರು. “ನಮ್ಮಮ್ಮ ಇದಾರೆ,” ಎಂದಳು ಅವಳು. “ನನಗೆ ಐದು ವರ್ಷ ಇದ್ದಾಗ ಅವರಿಗೆ ಜ್ವರ ಬಂದು ಕಿವಿ ಹೋಯ್ತು. ಮಾತಾಡ್ತಾರೆ, ತುಟಿ ನೋಡಿ ಎಲ್ಲಾ ಅರ್ಥ ಮಾಡ್ಕೋತಾರೆ. ಕೈಗೆ ಟ್ಯಾಬ್ಲೆಟ್ ಸಿಕ್ರೆ ಒಲೆ ಮೇಲಿನ ಹಾಲು ಮರೀತಾರೆ.” ಹಾಗೆ ಅವಳ ಅಮ್ಮ ಏಳು ಜನ ಮನೆ-ಪರೀಕ್ಷಕರಲ್ಲಿ ಒಬ್ಬರಾದರು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊಸ ಅಧ್ಯಾಯ ತಾನಾಗಿ ಅವರ ಟ್ಯಾಬ್ಲೆಟ್ಟಿಗೆ ಹೋಗುತ್ತಿತ್ತು.

ಸಂಜೆ ಇಬ್ಬರೂ ಬಸ್ ನಿಲ್ದಾಣದವರೆಗೆ ಒಟ್ಟಿಗೆ ನಡೆಯತೊಡಗಿದರು. ಅವಳ ಬಸ್ಸು ಎಡಕ್ಕೆ, ಅವನದು ಬಲಕ್ಕೆ. ಮೊದಮೊದಲು ಬಂದ ಬಸ್ಸು ಹತ್ತುತ್ತಿದ್ದರು. ಆಮೇಲೆ ಮುಂದಿನದು ನೋಡೋಣ ಎನ್ನತೊಡಗಿದರು. “ನೀವು” ಯಾವಾಗ “ನೀನು” ಆಯಿತೋ ಇಬ್ಬರಿಗೂ ನೆನಪಿಲ್ಲ.

ಒಂದು ಸಂಜೆ ನಿಲ್ದಾಣದ ಬೆಂಚಿನ ಮೇಲೆ ಅವಳು ಸುಮ್ಮನೆ ಕೂತಿದ್ದಳು. ಅವನು, “ನಿನ್ನ ದನಿ ಇಷ್ಟು ಸ್ಪಷ್ಟ ಹೇಗೆ?” ಎಂದು ಕೇಳಿದ, ಹೊಗಳಬೇಕೆಂದು.

“ಮನೇಲಿ ತುಟಿ ಬಿಡಿಸಿ ಬಿಡಿಸಿ ಮಾತಾಡ್ಬೇಕಿತ್ತಲ್ಲ,” ಎಂದಳು. ಆಮೇಲೆ, ತಾನೇ, ಹೇಳತೊಡಗಿದಳು.

ಅವಳಿಗಾಗ ಒಂಬತ್ತು ವರ್ಷ. ಅಮ್ಮನಿಗೆ ತನ್ನ ದನಿಯ ಅಳತೆ ತಿಳಿಯುತ್ತಿರಲಿಲ್ಲ. ಎಲ್ಲಿ ಹೋದರೂ ಕೂಗಿದಂತೆ ಮಾತು. ಒಂದು ಚಳಿಯ ದಿನ ಮಗಳು ಸ್ವೆಟರ್ ಮರೆತು ಶಾಲೆಗೆ ಹೋಗಿದ್ದಳು. ಅಮ್ಮ ಅದನ್ನು ಹಿಡಿದು ಶಾಲೆಯ ಅಂಗಳಕ್ಕೆ ಬಂದು ಕಾವಲುಗಾರನ ಹತ್ತಿರ ಏನೋ ಕೇಳುತ್ತಿದ್ದರು. ಆ ದನಿಗೆ ಮಕ್ಕಳೆಲ್ಲ ನಗತೊಡಗಿದರು. ಪಕ್ಕದ ಗೆಳತಿ, “ಯಾರೇ ಅದು?” ಎಂದಳು.

“ಗೊತ್ತಿಲ್ಲ ಕಣೇ. ಯಾರೋ,” ಎಂದಳು ಇವಳು.

“ಅಷ್ಟು ದೂರದಿಂದ ಅಮ್ಮ ನನ್ನ ತುಟೀನೇ ನೋಡ್ತಿದ್ರು,” ಎಂದಳು ಈಗ, ಬೆಂಚಿನ ಬಣ್ಣ ಉಗುರಿನಿಂದ ಕೆರೆಯುತ್ತ. “ಹತ್ರ ಬಂದ್ರು. ‘ಈ ಸ್ವೆಟರ್ ದಾರೀಲಿ ಬಿದ್ದಿತ್ತು ಮಗು, ನಿನ್ನದಾ ನೋಡು’ ಅಂದ್ರು. ಗುರುತೇ ಇಲ್ಲದವರ ಥರ. ಕೊಟ್ಟು ಹೋದ್ರು. ಇವತ್ತಿನವರೆಗೂ ಒಂದು ಮಾತು ಎತ್ತಿಲ್ಲ. ಅವರಿಗೆ ಗೊತ್ತಾಗಿತ್ತಾ ಅಂತ ಕೇಳೋಕೆ ನನಗೂ ಧೈರ್ಯ ಬಂದಿಲ್ಲ. ಯಾರಿಗೂ ಹೇಳಿಲ್ಲ ಇದನ್ನ.”

ಎರಡು ಬಸ್ಸು ಹೋದವು. ಅವನು ಅವಳ ಕೈ ಹಿಡಿದುಕೊಂಡ. ಮೊದಲ ಸಲ. ಅವಳ ಬೆರಳು ತಣ್ಣಗಿದ್ದವು.

*

ಮರುವಾರ ಬಾಸ್ ಅವನನ್ನು ಕರೆದು ಕೂರಿಸಿಕೊಂಡರು. “ಕಳ್ಳಿ ಚೆನ್ನಾಗಿದಾಳೆ. ಆದ್ರೆ ಒಳಗೆ ಏನೂ ಇಲ್ಲ. ನೀನೇ ಹೇಳ್ತಿದ್ದೆ ನೋವು ಬೇಕು ಅಂತ. ಎಲ್ಲಿ ನೋವು? ಗುರುವಾರ ರೆಕಾರ್ಡಿಂಗ್ ಇದೆ.”

ಮೂರು ದಿನ ಅವನು ಬರೆದು ಹರಿದ. ಕಳ್ಳಿಯ ಮನೆಗೆ ಬೆಂಕಿ ಹಾಕಿದ, ಅಳಿಸಿದ. ಅವಳ ತಮ್ಮನನ್ನು ಕೊಂದ, ಬದುಕಿಸಿದ. ಎಲ್ಲವೂ ರಟ್ಟಿನ ದುಃಖ. ಬುಧವಾರ ಮಧ್ಯಾಹ್ನ ಅವನ ಬೆರಳು ತಾನಾಗಿ ಒಂದು ಅಂಗಳ ಬರೆಯಿತು, ಒಬ್ಬ ಕಿವಿ ಕೇಳದ ತಾಯಿಯನ್ನು ಬರೆಯಿತು, ಒಂದು ಸ್ವೆಟರ್ ಬರೆಯಿತು. ತಾಯಿಯನ್ನು ಅಲ್ಲಗಳೆದ ಹುಡುಗಿ ನಾಚಿಕೆ ತಾಳಲಾರದೆ ಊರಿನ ಸದ್ದನ್ನೆಲ್ಲ ಕದ್ದು ಎಲ್ಲರನ್ನೂ ಕಿವುಡರನ್ನಾಗಿಸುತ್ತಾಳೆ. ನಲವತ್ತು ನಿಮಿಷದಲ್ಲಿ ಮುಗಿಯಿತು. ಬಾಸ್‌ಗೆ ಕಳಿಸಿಬಿಟ್ಟ.

ಅವಳಿಗೆ ಮೊದಲು ಹೇಳುತ್ತೇನೆ, ಎಂದುಕೊಂಡ. ಫೋನ್ ಕೈಗೆತ್ತಿಕೊಂಡ. ಆಗಲೇ ಬಾಸ್ ಓದಿ ಮುಗಿಸಿ, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ಬಂದರು. “ಎಲ್ಲಿಂದ ತಂದೆಯೋ ಇದನ್ನ?” ಆಫೀಸೆಲ್ಲ ತಿರುಗಿ ನೋಡಿತು. ಅವನು ನಕ್ಕ. ಆ ನಗುವಿನ ನೆನಪು ಮುಂದೆ ಎಷ್ಟೋ ದಿನ ಅವನಿಗೆ ಅನ್ನ ಇಳಿಯಲು ಬಿಡಲಿಲ್ಲ. ಫೋನ್ ಮೇಜಿನ ಮೇಲೇ ಉಳಿಯಿತು.

ಗುರುವಾರ ಅವಳು ಬಂದಳು. ಗಾಜಿನಾಚೆ ಹೆಡ್‌ಫೋನ್ ಹಾಕಿಕೊಂಡು, ಅವನ ಕಡೆ ಆ ಒಂದು ಹುಬ್ಬು ಏರಿಸಿ, ಹಾಳೆ ತಿರುವಿದಳು. ಮೊದಲೇ ಓದಿಕೊಂಡರೆ ಭಾವ ಹಳಸುತ್ತದೆ ಎಂದು ಅವಳು ಯಾವತ್ತೂ ನೇರವಾಗಿ ಮೈಕಿನ ಮುಂದೆಯೇ ಓದುವವಳು.

ಎರಡನೇ ಹಾಳೆಯಲ್ಲಿ ಅವಳ ದನಿ ನಿಂತಿತು.

ಅವಳು ತಲೆ ಎತ್ತಲಿಲ್ಲ. ಅವನು ಕುರ್ಚಿಯ ಅಂಚು ಗಟ್ಟಿಯಾಗಿ ಹಿಡಿದುಕೊಂಡ. ಕಿವಿ, ಕೆನ್ನೆ, ಕುತ್ತಿಗೆ ಎಲ್ಲ ಉರಿಯುತ್ತಿತ್ತು. ಎದ್ದು ನಿಲ್ಲಿಸಬೇಕಿತ್ತು. ಎರಡು ಹೆಜ್ಜೆ ದೂರದಲ್ಲಿ ಬಾಗಿಲು. ಅವನು ಏಳಲಿಲ್ಲ.

“ಈ ಸ್ವೆಟರ್ ದಾರೀಲಿ ಬಿದ್ದಿತ್ತು ಮಗು,” ಎಂದು ಅವಳು ಓದಿದಳು. “ನಿನ್ನದಾ ನೋಡು.”

ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಯ ಸಾಲಿನವರೆಗೂ ಓದಿದಳು. ಈಚೆ ಕಡೆ ಚಪ್ಪಾಳೆ. ಅವಳು ಮೈಕಿನ ಹತ್ತಿರ ಬಾಗಿ, ಅವನನ್ನೇ ನೋಡಿ ಕೇಳಿದಳು: “ಇನ್ನೊಂದು ಟೇಕ್ ಬೇಕಾ ಸರ್ ನಿಮಗೆ?”

ಅವನು ಓಡಿಹೋಗಿ ಮೆಟ್ಟಿಲಿನ ಬಳಿ ಅವಳನ್ನು ತಡೆದ. “ಹೇಳ್ಬೇಕು ಅಂತಿದ್ದೆ. ನಿಜವಾಗ್ಲೂ...”

“ಕೈ ಹಿಡ್ಕೊಂಡಿದ್ರಿ ನೀವು,” ಎಂದಳು. ದನಿ ಏರಲಿಲ್ಲ. “ನಾನು ಅದನ್ನ ಹೇಳುವಾಗ ನಿಮಗೆ ಒಳಗೆ ಅನ್ಸಿದ್ದು ಇದೇನಾ? ಇವಳೇ ಅವಳು, ಖಳನಾಯಕಿ ಅಂತ?”

“ಅಯ್ಯೋ, ಇಲ್ಲ!”

“ಮತ್ತೆ ಆ ಮಾತನ್ನ ಯಾರ ಬಾಯಿಗೆ ಹಾಕಿದ್ರಿ? ಊರನ್ನ ಕಾಪಾಡೋರ ಬಾಯಿಗೆ ಹಾಕಲಿಲ್ಲವಲ್ಲ.”

ಅವಳು ಇಳಿದು ಹೋದಳು.

*

ಶುಕ್ರವಾರ ಹದಿನಾಲ್ಕು ಸಲ ಫೋನ್ ಮಾಡಿದ. ಎತ್ತಲಿಲ್ಲ. ಸೋಮವಾರ ಹೋಗಿ ಆ ಭಾಗ ಬದಲಾಯಿಸುತ್ತೇನೆ, ಯಾರಿಗೂ ಕಾರಣ ಹೇಳಬೇಕಾಗಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಶನಿವಾರ ಬೆಳಿಗ್ಗೆ ಕಾಫಿ ಲೋಟ ತೊಳೆಯುತ್ತಿದ್ದಾಗ ಕೈ ತಟ್ಟನೆ ನಿಂತಿತು.

ಹತ್ತು ಗಂಟೆ. ಹೊಸ ಅಧ್ಯಾಯ. ಅಮ್ಮನ ಟ್ಯಾಬ್ಲೆಟ್.

ಗಡಿಯಾರದಲ್ಲಿ ಹತ್ತು ಗಂಟೆ ಐದು ನಿಮಿಷ.

“ಬಾಸ್, ಈಗಲೇ ಅಧ್ಯಾಯ ವಾಪಸ್ ತಗೊಳ್ಳಿ,” ಎಂದ ಫೋನಿನಲ್ಲಿ.

“ಯಾಕಪ್ಪಾ? ಏನಾದ್ರೂ ಕೆಟ್ಟಿದೆಯಾ?”

ತಾಂತ್ರಿಕ ತೊಂದರೆ ಎನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು. “ಅದು ನನ್ನ ಕಥೆ ಅಲ್ಲ. ಕದ್ದಿದ್ದು.”

“ಯಾವ ಗೇಮಿಂದ?”

“ಗೇಮಿಂದ ಅಲ್ಲ. ಒಬ್ಬರು ನಂಬಿ ಹೇಳಿದ್ದು. ಅದನ್ನ ಅವರ ಕೈಲೇ ಓದಿಸಿದೆ.”

ಅದು ಯಾರೆಂದು ಆ ಕಡೆ ಅರ್ಥವಾಯಿತು. “ಛೆ,” ಎಂದರು ಬಾಸ್, ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಹತ್ತೂವರೆಗೆ ಅಧ್ಯಾಯ ಹಿಂದಕ್ಕೆ ಬಂತು. ಅಷ್ಟರಲ್ಲಿ ಏಳರಲ್ಲಿ ಮೂವರು ಆಡಿದ್ದರು. ಮೂರನೆಯದು ಅವಳ ಅಮ್ಮನ ಹೆಸರು. ಅದರ ಮುಂದೆ ಹೀಗಿತ್ತು: ಸ್ವೆಟರ್ ದೃಶ್ಯ, ಎರಡು ಸಲ.

ಮಧ್ಯಾಹ್ನದ ಹೊತ್ತಿಗೆ ಅವನು ಅವಳ ಮನೆಗೆ ಹೋದ. ಬೇಕರಿಯ ಮೇಲಿನ ಮೊದಲ ಮಹಡಿ. ಬಾಗಿಲು ತೆರೆದದ್ದು ಅಮ್ಮ. ಗಿಡ್ಡ ಮೈಕಟ್ಟು, ಹಣೆಗೇರಿಸಿದ ಕನ್ನಡಕ, ಕೈಯಲ್ಲಿ ಟ್ಯಾಬ್ಲೆಟ್. ಹಿಂದೆ ಅಡುಗೆಮನೆಯ ಬಾಗಿಲಿಗೆ ಒರಗಿ ಅವಳು ನಿಂತಿದ್ದಳು, ಕಣ್ಣು ಊದಿತ್ತು.

ಅವನು ತಲೆ ತಗ್ಗಿಸಿದ. “ಅಮ್ಮಾ, ನಾನು ಬಹಳ ದೊಡ್ಡ ತಪ್ಪು...”

“ಮುಖ ಎತ್ತು!” ಎಂದರು ಅಮ್ಮ, ಬೀದಿಗೆಲ್ಲ ಕೇಳುವಂತೆ. “ನೆಲಕ್ಕೆ ಹೇಳಿದ್ರೆ ನನಗೇನು ಗೊತ್ತಾಗ್ಬೇಕು? ತುಟಿ ಕಾಣೋ ಹಾಗೆ ಹೇಳು.”

ಮುಖ ಎತ್ತುವುದು ಇಷ್ಟು ಭಾರವೆಂದು ಅವನಿಗೆ ಗೊತ್ತಿರಲಿಲ್ಲ. ಎತ್ತಿದ. ಅಮ್ಮನ ಕಣ್ಣು ಅವನ ತುಟಿಯ ಮೇಲೆ ನೆಟ್ಟಿತ್ತು. ಒಂದೊಂದೇ ಮಾತು ಬಿಡಿಸಿ ಹೇಳಬೇಕಾಯಿತು. ಗೊಣಗುವಂತಿಲ್ಲ, ನುಂಗುವಂತಿಲ್ಲ. “ನಿಮ್ಮ ಮಗಳು. ನನ್ನನ್ನ ನಂಬಿ. ಹೇಳಿದ್ದನ್ನ. ನಾನು ಕದ್ದೆ. ಹೊಗಳಿಸಿಕೊಂಡೆ. ಅವಳು ಓದುವಾಗ. ಸುಮ್ಮನೆ ಕೂತಿದ್ದೆ.”

ಅಮ್ಮ ತಲೆಯಾಡಿಸಿದರು. “ಹೂಂ. ತಪ್ಪೇ. ಕಿವಿಯಲ್ಲಿ ಹೇಳಿದ್ದನ್ನ ಊರಿಗೆ ಡಂಗುರ ಹೊಡೆದೆ. ಕೂತ್ಕೋ.”

ಅವನು ಕುರ್ಚಿಯ ಅಂಚಿಗೆ ಕೂತ.

“ಈಗ ಆಟದ್ದು ಹೇಳ್ತೀನಿ,” ಎಂದು ಅಮ್ಮ ಟ್ಯಾಬ್ಲೆಟ್ ತಟ್ಟಿದರು. “ಅವತ್ತು ನನಗೆ ಗೊತ್ತಾಯ್ತು. ನೋವೂ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಒಂದು ವಾರ ಇವಳಿಗೆ ಜಡೆ ಹಾಕೋವಾಗ ಸ್ವಲ್ಪ ಜೋರಾಗೇ ಎಳೆದೆ. ಆಮೇಲೆ ಇವಳಿಗೆ ಜ್ವರ ಬಂತು, ಅದರಲ್ಲಿ ಮರೆತೆ. ಇವಳು ನೋಡಿದ್ರೆ ಇಪ್ಪತ್ತು ವರ್ಷ ಹೊಟ್ಟೇಲಿಟ್ಕೊಂಡು ಕೂತಿದಾಳೆ! ಬೆಳಿಗ್ಗೆಯಿಂದ ಅತ್ತೂ ಅತ್ತೂ ಇಬ್ಬರಿಗೂ ತಲೆನೋವು.”

“ಅಮ್ಮಾ, ಸಾಕು,” ಎಂದಳು ಅವಳು. ಅಮ್ಮ ಆ ಕಡೆ ನೋಡುತ್ತಿರಲಿಲ್ಲ.

“ಇಷ್ಟಕ್ಕೆಲ್ಲ ಯಾರಾದ್ರೂ ಕೆಟ್ಟವರಾಗ್ತಾರೇನೋ? ಒಂಬತ್ತು ವರ್ಷದ ಮಗು ಹೆದರಿ ಒಂದು ಮಾತು ಅಂದುಬಿಡ್ತು. ಅದಕ್ಕೆ ಊರಿನ ಸದ್ದೆಲ್ಲ ಕದಿಯೋದಾ? ಇನ್ನೊಂದು. ಸದ್ದಿಲ್ಲದೆ ಇರೋದು ದೊಡ್ಡ ಶಿಕ್ಷೆ ಅಂತ ನಿನಗೆ ಯಾರು ಹೇಳಿದ್ರು? ಕೆಳಗಿನ ಬೇಕರಿ ಮಿಷನ್ನು ಬೆಳಿಗ್ಗೆ ನಾಲ್ಕಕ್ಕೆ ಶುರುವಾಗುತ್ತಂತೆ. ಇಡೀ ಬಿಲ್ಡಿಂಗಲ್ಲಿ ನೆಟ್ಟಗೆ ನಿದ್ದೆ ಮಾಡೋಳು ನಾನೊಬ್ಬಳೇ.”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಳುವಾಗ ಅವಳ ಕಡೆ ನೋಡಿದ. ಅವಳು ಬಾಗಿಲವರೆಗೆ ಬಂದಳು.

“ಕೇಳೋಕೆ ಧೈರ್ಯ ಇರದಿದ್ದನ್ನ ಕೇಳಿದ ಹಾಗಾಯ್ತು,” ಎಂದಳು ಮೆಲ್ಲಗೆ. “ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳ್ತೀನಿ ಅಂತ ಕಾಯಬೇಡಿ. ಆ ಪ್ರಶ್ನೆ ನನ್ನದು. ನಾನೇ ಕೇಳ್ತಿದ್ದೆ, ಯಾವತ್ತೋ ಒಂದು ದಿನ.”

“ಹೌದು,” ಎಂದ. ಬೇರೆ ಏನು ಹೇಳಿದರೂ ಇನ್ನೊಂದು ಕಳ್ಳತನವಾಗುತ್ತಿತ್ತು.

*

ಸೋಮವಾರ ಅವನು ಹತ್ತೂ ಜನರ ಮುಂದೆ ನಿಂತು, ಅವಳ ಸುದ್ದಿ ಎತ್ತದೆ, ತನ್ನ ತಪ್ಪನ್ನು ಮಾತ್ರ ಹೇಳಿದ. ಯಾರದೋ ನಂಬಿಕೆ ಮುರಿದು ಬರೆದೆ, ಹೊಗಳಿಕೆಗೆ ಸುಮ್ಮನಿದ್ದೆ ಎಂದ. ಎಲ್ಲರೂ ಕೀಬೋರ್ಡುಗಳ ಮೇಲೆ ಕಣ್ಣಿಟ್ಟು ಕೂತರು. ಬಾಸ್ ಕೊನೆಗೆ, “ಹಾಗಾದ್ರೆ ಈಗ ಅವಳು ಯಾಕೆ ಕದೀತಾಳೆ?” ಎಂದರು.

“ಅವಳಿಗೆ ಇಷ್ಟ,” ಎಂದ. “ಬೇರೆಯವರ ಸದ್ದು ಅವಳಿಗೆ ಕಿರಿಕಿರಿ. ಅವಳಿಗೆ ನೋವು ಇರಬಹುದು, ಎಲ್ಲರಿಗೂ ಇರುತ್ತೆ. ಆದ್ರೆ ಕದ್ದಿದ್ದು ಅವಳು. ನೋವಲ್ಲ.”

“ಅಂತೂ ಬಂದೆಯಪ್ಪಾ ದಾರಿಗೆ!” ಎಂದಳು ಟೆಸ್ಟರ್ ಅಕ್ಕ. ಯಾರೋ ಒಬ್ಬರು ನಕ್ಕರು. ಅವನಿಗೆ ನಗು ಬರಲಿಲ್ಲ. ತನ್ನ ಬಗ್ಗೆಯೇ ಹೇಳಿದಂತಿತ್ತು.

ಹತ್ತು ದಿನ ಕಳೆದ ಮೇಲೆ ಹೊಸ ಸಾಲುಗಳನ್ನು ಓದಲು ಅವಳು ಬಂದಳು. ಬಾಸ್ ಫೋನ್ ಮಾಡಿ, ಬೇಡ ಅನ್ನಿಸಿದರೆ ಬೇಡ ಎಂದಿದ್ದರಂತೆ. ಅವನು ಗಾಜಿನ ಹತ್ತಿರ ಹೋಗದೆ ತನ್ನ ಮೇಜಿನಲ್ಲೇ ಕೂತ. ಅರ್ಧ ತೆರೆದ ಬಾಗಿಲಿನಿಂದ ಅವಳ ನಗು ಕೇಳುತ್ತಿತ್ತು. ಸದ್ದುಗಳ್ಳಿ ಭರಣಿಗಳನ್ನು ಎಣಿಸುತ್ತ, ಯಾವ ದುಃಖವೂ ಇಲ್ಲದೆ, ಹಾಯಾಗಿ ನಗುತ್ತಿದ್ದಳು.

ಮಧ್ಯಾಹ್ನದ ಹೊತ್ತು ಅವನು ಮೆಟ್ಟಿಲ ಮೇಲೆ ಒಬ್ಬನೇ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಅವಳು ಬಂದು ಎರಡು ಮೆಟ್ಟಿಲು ಮೇಲೆ ಕೂತಳು.

“ನನ್ನ ಸುದ್ದಿ ಎತ್ತದೆ ತಪ್ಪು ಒಪ್ಪಿಕೊಂಡ್ಯಂತೆ.”

“ಯಾರು ಹೇಳಿದ್ರು?”

“ಟೆಸ್ಟರ್ ಅಕ್ಕನ ಬಾಯಲ್ಲಿ ಏನು ನಿಲ್ಲುತ್ತೆ?” ಕಿಟಕಿಯ ಬಿಸಿಲು ಅವಳ ಪಾದದ ಮೇಲೆ ಬಿದ್ದಿತ್ತು. “ನನಗೆ ಇನ್ನೂ ಕೋಪ ಇದೆ. ನಿನ್ನ ಜೊತೆ ಮಾತಾಡುವಾಗ ಇನ್ಮೇಲೆ ಒಂದೊಂದು ಮಾತನ್ನೂ ಅಳೆದು ಆಡ್ಬೇಕಲ್ಲ ಅಂತ ಕೋಪ. ಅದಕ್ಕಿಂತ ಜಾಸ್ತಿ ಕೋಪ, ನೀನು ಇಲ್ದೆ ಬಸ್ ಸ್ಟಾಪಲ್ಲಿ ನಿಂತ್ಕೊಳ್ಳೋಕೆ ಬೇಜಾರಾಗುತ್ತಲ್ಲ ಅಂತ.”

ಅವನು ಅವಳ ಕಡೆ ತಿರುಗಿ ಕೂತ. “ನನಗೆ ನೀನು ಅಂದ್ರೆ... ಬೆಂಚಿನ ಮೇಲೆ ಅವತ್ತೇ ಹೇಳ್ಬೇಕಿತ್ತು. ನೀನು ಅಂದ್ರೆ ನನಗೆ ಜೀವ. ಈಗ ಹೇಳೋ ಯೋಗ್ಯತೆ ಇಲ್ಲ.”

“ಯೋಗ್ಯತೆ ನಾನು ನೋಡ್ಕೋತೀನಿ,” ಎಂದಳು. “ಮೊದಲು ಒಂದು ಕೊಡು.”

“ಏನು?”

“ನಿನ್ನದು. ಯಾರಿಗೂ ಹೇಳದೇ ಇರೋದು. ನಿನ್ನ ಹತ್ರ ನನ್ನದು ಇದೆ. ನನ್ನ ಹತ್ರ ನಿನ್ನದು ಏನೂ ಇಲ್ಲ.”

ಅವನು ಡಬ್ಬಿಯ ಮುಚ್ಚಳ ಹಾಕಿದ. ಮತ್ತೆ ತೆಗೆದ. ಮತ್ತೆ ಹಾಕಿದ. ಆಮೇಲೆ ಹೇಳಿದ. ಆರನೇ ಕ್ಲಾಸಿನಲ್ಲಿ ಅವನಿಗೆ ಕಥೆ ಬರೆಯುವ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಆ ಕಥೆ ಬರೆದವಳು ಅವನ ಸ್ವಂತ ಅಕ್ಕ. ಅವಳ ಪುಸ್ತಕದಿಂದ ಕದ್ದು ನಕಲು ಮಾಡಿದ್ದ. ಬಹುಮಾನ ಕೊಡುವ ದಿನ ಅಕ್ಕ ಸಭೆಯಲ್ಲಿ ಅಪ್ಪನ ಪಕ್ಕ ಕೂತಿದ್ದಳು. ಕಥೆಯನ್ನು ವೇದಿಕೆಯ ಮೇಲೆ ಓದಿದರು. ಅಕ್ಕ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ಅವಳು ಬರೆಯಲೇ ಇಲ್ಲ. ಅಪ್ಪ ಇವನಿಗೆ ಪೆನ್ನು ಕೊಡಿಸಿದರು.

“ಬರೆಯೋನು ಅಂತ ನನಗೆ ಹೆಸರು ಬಂದಿದ್ದೇ ಅಲ್ಲಿಂದ,” ಎಂದ. ಈಗ ಕಿವಿಯಷ್ಟೇ ಅಲ್ಲ, ಕಣ್ಣೂ ಉರಿಯುತ್ತಿತ್ತು. “ಅವಳೂ ಕೇಳಿಲ್ಲ. ನಾನೂ ಹೇಳಿಲ್ಲ.”

ಅವಳು ನಗಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಒಂದು ಮೆಟ್ಟಿಲು ಕೆಳಗೆ ಸರಿದು ಕೂತಳು. ಆಮೇಲೆ ಇನ್ನೊಂದು. ಭುಜಕ್ಕೆ ಭುಜ ತಾಗಿತು.

“ಅಕ್ಕ ಈಗ ಏನ್ಮಾಡ್ತಿರ್ತಾರೆ?”

“ಈ ಹೊತ್ತಿಗೆ ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬಂದಿರ್ತಾಳೆ.”

“ಫೋನ್ ಮಾಡು.”

“ಈಗಲಾ?”

“ನನಗೆ ಸಮಯ ಕೊಟ್ಟಿದ್ಯಾ ನೀನು?”

ಅವನು ಫೋನ್ ತೆಗೆದ. ಅವಳೇ ಅವನ ಎಡಗೈ ಎಳೆದು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಇವತ್ತು ಅವಳ ಕೈ ಬೆಚ್ಚಗಿತ್ತು. ಆ ಕಡೆ ಮೂರು ಸಲ ರಿಂಗ್ ಆಯಿತು.

“ಏನೋ, ಬದುಕಿದೀಯಾ?” ಎಂದಳು ಅಕ್ಕ. ಹಿಂದೆ ಮಕ್ಕಳ ಕಿರುಚಾಟ, ನಲ್ಲಿ ನೀರು. “ಏನಾಯ್ತು? ಯಾಕೋ ಮಾತಾಡ್ತಿಲ್ಲ?”

ಅವನು ಪಕ್ಕಕ್ಕೆ ತಿರುಗಿದ. ಅವಳು ಅವನ ತುಟಿಯನ್ನೇ ನೋಡುತ್ತಿದ್ದಳು, ಮೊದಲ ಮಾತಿಗೆ ಕಾಯುತ್ತ.

“ಅಕ್ಕಾ,” ಎಂದ. “ಆ ಕಥೆ ನಿನ್ನದು ಅಂತ ನಾನು ಎಲ್ಲರಿಗೂ ಹೇಳ್ಬೇಕಿತ್ತು.”